ತಿಂದೇ ಬರ್ತೀನಿ

ಹೊಳೆನರಸೀಪುರದ ಶ್ರೀರಂಗಮ್ಮನವರು ಗಂಡ ತೀರಿಕೊಂಡ ಮೇಲೆ ತಿಥಿ ಮನೆಗಳ ಅಡುಗೆಗೆ ನಿಂತವರು. ಅದು ತೊಂಬತ್ತರ ದಶಕದ ಶುರು. ಹತ್ತು ವರ್ಷ ಕಳೆಯುವುದರೊಳಗೆ ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಲ್ಲ ಕಡೆಯಿಂದ ಕರೆ ಬರತೊಡಗಿತು. ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗಿ, ಅವರ ಮನೆಯ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಒದ್ದೆ ಮಡಿಯಲ್ಲಿ ಒಲೆ ಹಚ್ಚಿದರೆಂದರೆ ಆ ಮನೆಯ ಯಜಮಾನನೂ ಅಡುಗೆಮನೆಯ ಹೊಸಿಲು ದಾಟಲು ಹೆದರುತ್ತಿದ್ದ. "ಸತ್ತವರಿಗೆ ಬಾಯಿರುಚಿ ಇರಲ್ಲ ಅಂತ ಯಾರು ಹೇಳಿದ್ದು? ಒಗ್ಗರಣೆ ಸೀದರೆ ಅವರಿಗೂ ಗೊತ್ತಾಗುತ್ತೆ" ಎಂದು ಗದರುತ್ತಿದ್ದರು.

ತಿಥಿಯ ದಿನ ಪಿತೃಗಳ ಸ್ಥಾನದಲ್ಲಿ ಬ್ರಾಹ್ಮಣಾರ್ಥಕ್ಕೆ ಕೂತವರ ಊಟವಾಗಿ, ಪಿಂಡ ಇಟ್ಟು ಮುಗಿಯುವವರೆಗೆ ಅಡುಗೆಯವರು ಏನನ್ನೂ ತಿನ್ನುವಂತಿಲ್ಲ. ಅಷ್ಟು ಹೊತ್ತಿಗೆ ಮಧ್ಯಾಹ್ನ ಎರಡೋ ಮೂರೋ ಆಗಿರುತ್ತದೆ. ಶ್ರೀರಂಗಮ್ಮನವರಿಗೆ ಅದೇನೂ ಕಷ್ಟವಾಗಿರಲಿಲ್ಲ, ಸಕ್ಕರೆ ಕಾಯಿಲೆ ಬರುವ ತನಕ.

ಬಂದ ಮೇಲೂ ಅವರು ಪದ್ಧತಿ ಬಿಡಲಿಲ್ಲ. ಬೆಳಿಗ್ಗೆ ಎದ್ದು ಮಾತ್ರೆ ನುಂಗಿ ನೀರು ಕುಡಿಯುವರು, ಆಮೇಲೆ ಮೂರು ಗಂಟೆಯ ತನಕ ಒಲೆಯ ಮುಂದೆ ಬರಿ ಹೊಟ್ಟೆ. ನಡುವೆ ಬೆವರು ಕಿತ್ತುಕೊಂಡು ಬರುತ್ತಿತ್ತು, ಕೈ ನಡುಗುತ್ತಿತ್ತು. ಎಲ್ಲ ಒಲೆಯ ಕಾವು ಎಂದುಕೊಂಡರು. ಮೇಲಾಗಿ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಇಳಿದಿರುವುದು ಕಂಡು ಜಂಬವೂ ಬಂದಿತ್ತು. ಬೀದಿಯಲ್ಲಿ ಶುಗರ್ ಇದ್ದ ಇತರ ಹೆಂಗಸರನ್ನು "ನಾಲಗೆ ಕಟ್ಟೋಕೆ ಬರಲ್ವೇನ್ರೇ" ಎಂದು ಹೀಯಾಳಿಸುವಷ್ಟು ಜಂಬ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆ ಜಂಬ ಇಳಿಯಿತು. ಅರಕಲಗೂಡಿನಲ್ಲಿ ಕಾಲೇಜು ಲೆಕ್ಚರರ್ ಪ್ರದ್ಯುಮ್ನನ ಮನೆ, ಅವನ ತಂದೆಯ ತಿಥಿ. ಅಡುಗೆ ಮುಗಿಯುತ್ತ ಬಂದಿತ್ತು. ಶ್ರೀರಂಗಮ್ಮ ನೀರು ಚೆಲ್ಲಲು ಹಿತ್ತಲ ಬಾಗಿಲಿಗೆ ಬಂದವರು ಅಲ್ಲೇ ಕುಸಿದರು. ಬಾಳೆ ಎಲೆ ತಂದಿದ್ದ ಲಕ್ಕಮ್ಮ ಹಿತ್ತಲಲ್ಲೇ ಇದ್ದಳು. ಮಲ್ಲಿಪಟ್ಟಣದ ಕಡೆಯ ಒಕ್ಕಲಿನ ಹೆಂಗಸು, ಎಷ್ಟೋ ವರ್ಷದಿಂದ ಆ ಮನೆಗೆ ಎಲೆ ಹಾಕುವವಳು. ಎಲೆಯ ಕಟ್ಟು ಎಸೆದು ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಅಮ್ಮಾರೆ, ಕಣ್ ಬುಡಿ. ನಮ್ಮತ್ತೇಗೂ ಇಂಗೇ ಆಯ್ತಿತ್ತು. ವಸಿ ಬಾಯ್ ತಗೀರಿ."

ಬಾಯಿ ತೆರೆಯುವಷ್ಟು, ನುಂಗುವಷ್ಟು ಎಚ್ಚರವಿತ್ತು. ಲಕ್ಕಮ್ಮ ಮಡಿಲಲ್ಲಿ ಕಟ್ಟಿಕೊಂಡಿದ್ದ ಬೆಲ್ಲ ಪುಡಿಮಾಡಿ ಚೂರುಚೂರೇ ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಕಣ್ಣ ಮುಂದಿನ ಕತ್ತಲೆ ಸರಿದಾಗ ಶ್ರೀರಂಗಮ್ಮನವರ ಕಿವಿಗೆ ಮೊದಲು ಬಿದ್ದದ್ದು ಪ್ರದ್ಯುಮ್ನನ ದನಿ.

"ಅಯ್ಯೋ, ಮಡಿ ಹೋಯ್ತಲ್ಲ. ಅಡುಗೆಯೆಲ್ಲ ಮತ್ತೆ ಆಗ್ಬೇಕು."

ಮಾಡಿದ ಅಡುಗೆಯನ್ನು ಹಿತ್ತಲಿಗೆ ಸುರಿದರು. ಬೇರೆ ಯಾರನ್ನೋ ಕರೆಸಿ ಹೊಸದಾಗಿ ಒಲೆ ಹಚ್ಚಿದರು. ಜಗಲಿಯ ಮೇಲೆ ಕೂತಿದ್ದ ಶ್ರೀರಂಗಮ್ಮನವರನ್ನು ಹೇಗಿದ್ದೀರಿ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಅವರನ್ನು ಆಟೋ ಹತ್ತಿಸಿ ಬಸ್ ಸ್ಟ್ಯಾಂಡಿಗೆ ಬಿಟ್ಟವಳೂ ಲಕ್ಕಮ್ಮನೇ. ದಾರಿಯುದ್ದಕ್ಕೂ ಶ್ರೀರಂಗಮ್ಮನವರಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು.

ಮಾರನೆಯ ದಿನವೇ ಹಾಸನಕ್ಕೆ ಹೋದರು. ಡಾಕ್ಟರ್ ಶ್ರೀಗೌರಿ ಎಲ್ಲ ಕೇಳಿಕೊಂಡು ತಲೆ ಚಚ್ಚಿಕೊಂಡರು. "ಶುಗರ್ ಇಳಿದಷ್ಟೂ ಒಳ್ಳೇದು ಅಂದ್ಕೊಂಡಿದ್ರಾ? ಈಗ ಅಮೆರಿಕದ ಕಡೆ ಒಂದು ದೊಡ್ಡ ಅಧ್ಯಯನ ನಡೀತು, ಹತ್ತು ಸಾವಿರ ಜನರ ಮೇಲೆ. ವಯಸ್ಸಾದವರು, ಹೃದಯದ ತೊಂದರೆ ಬರಬಹುದು ಅನ್ನೋಂಥವರು. ಸಕ್ಕರೆಯನ್ನ ತೀರಾ ಕೆಳಗೆ ಇಳಿಸೋಕೆ ಹೊರಟ ಗುಂಪಿನಲ್ಲೇ ಹೆಚ್ಚು ಜನ ಸತ್ತರು. ಆ ಚಿಕಿತ್ಸೇನ ಮಧ್ಯದಲ್ಲೇ ನಿಲ್ಲಿಸಿದ್ದಾರೆ. ಯಾಕೆ ಹಾಗಾಯ್ತು ಅಂತ ಅವರಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ."

"ಹಾಗಾದ್ರೆ ಮಾತ್ರೆ ಬಿಟ್ಟುಬಿಡ್ತೀನಿ."

"ಬಿಟ್ರೆ ಕಣ್ಣು, ಕಿಡ್ನಿ, ಕಾಲು ಎಲ್ಲಕ್ಕೂ ಕುತ್ತು. ನಾನು ಡೋಸ್ ಕಮ್ಮಿ ಮಾಡ್ತೀನಿ. ನೀವು ಹೊಟ್ಟೆಗೆ ಹಾಕ್ಕೊಂಡು ಮಾತ್ರೆ ತಗೊಳ್ಳಿ."

"ತಿಥಿ ದಿನ?"

"ತಿಥಿ ದಿನಾನೂ. ಇಲ್ಲದಿದ್ರೆ ನಿಮ್ಮ ತಿಥಿಗೆ ಬೇರೆಯವರು ಅಡುಗೆ ಮಾಡ್ಬೇಕಾಗುತ್ತೆ."

ಶ್ರೀರಂಗಮ್ಮ ಗಟ್ಟಿಯಾಗಿ ನಕ್ಕರು. ನಕ್ಕು, ಅಲ್ಲೇ ತೀರ್ಮಾನ ಮಾಡಿದರು.

ಅಂದಿನಿಂದ ಕರೆಯಲು ಬಂದವರಿಗೆಲ್ಲ ಒಂದೇ ಮಾತು: "ತಿಂದೇ ಬರ್ತೀನಿ. ಅಲ್ಲೂ ತಿಂತೀನಿ. ಆಗೋದಾದ್ರೆ ಹೇಳಿ." ಒಂದೊಂದೇ ಮನೆ ಕೈಬಿಟ್ಟಿತು. ಚನ್ನರಾಯಪಟ್ಟಣದವರು ನಯವಾಗಿ ಜಾರಿಕೊಂಡರು, ಹಾಸನದವರು ಫೋನ್ ಎತ್ತುವುದನ್ನೇ ಬಿಟ್ಟರು. ಪಕ್ಕದ ಮನೆಯ ಹಂಸ ಬುದ್ಧಿ ಹೇಳಿದಳು. "ಮನೇಲಿ ತಿಂದು ಹೋಗಿ ಅತ್ತೆ. ಬಾಯ್ಬಿಟ್ಟು ಹೇಳದಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಕದ್ದು ತಿನ್ನಕ್ಕೆ ನಾನೇನು ಬೆಕ್ಕೇನೇ? ನನ್ನ ಪ್ರಾಣ ಉಳಿಸ್ಕೊಳ್ಳೋಕೆ ನಾನು ಯಾರಿಗೆ ಹೆದರಬೇಕು?"

ಹಾಗೆಂದರೂ, ಒಲೆಯಿಲ್ಲದ ಬೆಳಗುಗಳು ಅವರನ್ನು ತಿನ್ನುತ್ತಿದ್ದವು. ಆ ಒಲೆಯ ಮುಂದೆ ಮಾತ್ರ ಅವರ ಮಾತು ನಡೆಯುತ್ತಿತ್ತು. ಅದು ಹೋದರೆ ತಾನು ಯಾರಿಗೂ ಬೇಡದ ಮುದುಕಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾತು ಬದಲಿಸಲಿಲ್ಲ.

ಮುಂದಿನ ವರ್ಷ ಪ್ರದ್ಯುಮ್ನನೇ ಬಂದ. ಒಪ್ಪಿಕೊಂಡಿದ್ದ ಅಡುಗೆಯವರು ಜ್ವರ ಬಂದು ಮಲಗಿದ್ದರು. "ತಿಂದ್ರೂ ಚಿಂತೆಯಿಲ್ಲ, ಯಾರಿಗೂ ಹೇಳ್ಬೇಡಿ" ಎಂದ. ಶ್ರೀರಂಗಮ್ಮ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಬರ್ತೀನಿ ಎಂದಷ್ಟೇ ಹೇಳಿದರು.

ಆ ದಿನ ಎಲ್ಲ ತಡವಾಯಿತು. ಹನ್ನೊಂದರ ಹೊತ್ತಿಗೆ ಶ್ರೀರಂಗಮ್ಮ ಒಲೆ ಸಣ್ಣಗೆ ಮಾಡಿ, ನಡುಮನೆಗೆ ನೇರ ಕಾಣುವಂತೆ ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿ ಕೂತು, ಮನೆಯಿಂದ ತಂದ ಬೆಲ್ಲದವಲಕ್ಕಿ ಡಬ್ಬಿ ಬಿಚ್ಚಿ ನಿಧಾನವಾಗಿ ತಿನ್ನತೊಡಗಿದರು. ಬ್ರಾಹ್ಮಣಾರ್ಥಕ್ಕೆ ಬಂದವರು ಮುಖಮುಖ ನೋಡಿಕೊಂಡರು. ಪ್ರದ್ಯುಮ್ನ ತಲೆ ತಗ್ಗಿಸಿದ.

ಪುರೋಹಿತ ಯೋಗಾನರಸಿಂಹ ಆಚಾರ್ಯರು ಮಾತ್ರ ಇತ್ತ ನೋಡಲಿಲ್ಲ. ಅವರ ಮಂತ್ರ ಎಡವುತ್ತಿತ್ತು. ಹೇಳಿದ್ದನ್ನೇ ಮತ್ತೆ ಹೇಳಿದರು. ದರ್ಭೆ ಹಿಡಿದ ಕೈ ನಡುಗುತ್ತಿತ್ತು, ಹಣೆಯ ನಾಮ ಬೆವರಿಗೆ ಇಳಿದುಬಂದಿತ್ತು. ಆ ಬೆವರನ್ನು ಶ್ರೀರಂಗಮ್ಮ ಗುರುತು ಹಿಡಿದರು. ಎದ್ದು ಹೋಗಿ ಒಂದು ಉಂಡೆ ಬೆಲ್ಲವನ್ನೂ ಡಬ್ಬಿಯನ್ನೂ ಅವರ ಮುಂದಿಟ್ಟರು.

"ಬೆಳಿಗ್ಗೆ ಮಾತ್ರೆ ನುಂಗಿದ್ರಾ?"

ಆಚಾರ್ಯರು ಹೌದೆಂದು ತಲೆಯಾಡಿಸಿದರು. ತನಗೂ ಸಕ್ಕರೆಯಿದೆ ಎಂದು ಆ ಮನುಷ್ಯ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

"ತಿನ್ನಿ."

"ಕರ್ಮದ ಮಧ್ಯೆ ತಿಂದ್ರೆ ಹೇಗೆ?" ಪ್ರದ್ಯುಮ್ನ ತೊದಲಿದ.

"ನಿಮ್ಮಪ್ಪ ಒಂದು ವರ್ಷ ಕಾದಿದ್ದಾರೆ, ಇನ್ನರ್ಧ ಗಂಟೆ ಕಾಯ್ತಾರೆ. ಇವರ ಜೀವ ಕಾಯಲ್ಲ. ಕಳೆದ ವರ್ಷ ನಿನ್ನ ಹಿತ್ತಲಲ್ಲಿ ನಾನು ಬಿದ್ದಾಗ ನೀನು ಮಡಿ ಹುಡುಕ್ತಿದ್ದೆ. ಇವತ್ತು ಬಾಯಿ ಮುಚ್ಕೊಂಡು ಕೂತ್ಕೋ."

ಆಚಾರ್ಯರು ಬೆಲ್ಲ ಬಾಯಿಗೆ ಹಾಕಿಕೊಂಡರು, ಆಮೇಲೆ ಅವಲಕ್ಕಿ.

ಅಷ್ಟರಲ್ಲಿ ಹಿತ್ತಲಿನಿಂದ ಲಕ್ಕಮ್ಮ ಕೂಗಿದಳು, "ಎಲೆ ತಂದಿವ್ನಿ ಅಮ್ಮಾರೆ, ಮೆಟ್ಲ ಮ್ಯಾಲೆ ಇಟ್ಟೋಯ್ತೀನಿ." ಹಾಗೆ ಇಟ್ಟ ಎಲೆಗೆ ನೀರು ಚಿಮುಕಿಸಿ ಒಳಗೆ ತರುವುದು ಆ ಮನೆಯ ಪದ್ಧತಿ. ಶ್ರೀರಂಗಮ್ಮ ಬಾಗಿಲಿಗೆ ಹೋಗಿ ಎರಡೂ ಕೈ ಚಾಚಿದರು.

"ಕೈಗೇ ಕೊಡು ಲಕ್ಕಮ್ಮ."

ಲಕ್ಕಮ್ಮ ಅನುಮಾನಿಸುತ್ತ ಕೊಟ್ಟಳು. ಕೈಗೆ ಕೈ ತಗುಲಿತು. ಪ್ರದ್ಯುಮ್ನ ಧಡಕ್ಕನೆ ಎದ್ದು ಆಚಾರ್ಯರ ಮುಖ ನೋಡಿದ. ಆಚಾರ್ಯರು ಬಾಯಲ್ಲಿದ್ದ ಅವಲಕ್ಕಿ ನುಂಗಿ, ಆಚಮನ ಮಾಡಿ, "ಕೂತ್ಕೊಳ್ಳಪ್ಪ, ಎಲೆ ಬಂತು" ಎಂದು ಬಿಟ್ಟಲ್ಲಿಂದ ಮಂತ್ರ ಮುಂದುವರಿಸಿದರು.