ಚಾ ಅಂಗಡಿಯಲ್ಲಿ ಉರಿಯುವ ಟ್ರಾಯ್

ಸೌದಿಯ ತಬೂಕಿಗೆ ಹೊರಟವನು ತಪ್ಪು ಬಸ್ಸು ಹತ್ತಿ ದೇಶದ ಇನ್ನೊಂದು ಮೂಲೆಯ ಹಫ್ರ್ ಅಲ್ ಬಾತಿನ್‌ನಲ್ಲಿ ಇಳಿದಿದ್ದೇನೆ. ಇಡೀ ಗಲ್ಫಿನಲ್ಲಿ ಈ ಸಾಧನೆ ನನ್ನೊಬ್ಬನದೇ ಇರಬೇಕು.

ಇಲ್ಲಿ ಉಡುಪಿಯ ಹಮೀದಾಕನ ಚಾ ಅಂಗಡಿಯ ಗೋಡೆಯಲ್ಲಿ ಆಳೆತ್ತರದ ತೈಲಚಿತ್ರವೊಂದಿದೆ. ದೇಶಕ್ಕೆ ಮರಳಿದ ಯಾವನೋ ಬಿಳಿಯ ಇಂಜಿನಿಯರ್ ಬಿಟ್ಟುಹೋದದ್ದಂತೆ. ಗ್ರೀಕ್ ಪುರಾಣದ ಟ್ರಾಯ್ ನಗರ ಹೊತ್ತಿ ಉರಿಯುತ್ತಿದೆ. ಒಬ್ಬ ಯುವಕ ಮುದಿ ತಂದೆಯನ್ನು ಬೆನ್ನ ಮೇಲೆ ಹೊತ್ತು ಓಡುತ್ತಿದ್ದಾನೆ.

"ಮನುಷ್ಯರ ಚಿತ್ರ ಇದ್ರೆ ಇಲ್ಲಿ ನಮಾಜಿಗೆ ಆಗುದಿಲ್ಲ ಅಂತಾರೆ. ಇಬ್ಬರನ್ನೂ ಅಳಿಸು ಮಾರಾಯ, ಬೆಂಕಿ ಇರ್ಲಿ," ಎಂದರು ಹಮೀದಾಕ. ಬೋರ್ಡು ಬರೆಯುವ ಮುಲ್ಕಿಯ ಶೇಖರಣ್ಣ ಹೊಗೆಯ ಬಣ್ಣ ಕಲಸುತ್ತಿದ್ದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಅಪ್ಪನನ್ನು ಹೊರ್ಲಿಕ್ಕೆ ಇವನಿಗೆ ಅರಬಿ ಧಣಿ, ಕಫೀಲ್, ರಜೆ ಕೊಟ್ನಾ ಶೇಖರಣ್ಣ?"

ನಾನೊಬ್ಬನೇ ನಕ್ಕೆ.

"ಹೋದ ವಾರ ನನ್ನ ಅಪ್ಪ ತೀರಿಕೊಂಡ್ರು," ಎಂದರು ಶೇಖರಣ್ಣ, ತಲೆ ಎತ್ತದೆ. "ಕಫೀಲ್ ಪಾಸ್‌ಪೋರ್ಟ್ ಕೊಡ್ಲಿಲ್ಲ. ಹೊರ್ಲಿಕ್ಕೆ ನೆರೆಕರೆಯವರು ಇದ್ರು."

ಚಿತ್ರದ ಬೆಂಕಿಗೇ ಹಾರಿಬಿಡೋಣ ಎನಿಸಿತು ನನಗೆ.

ಶೇಖರಣ್ಣ ಹೊಗೆಯ ಬಣ್ಣ ಬಳಿದು ಮೊದಲು ಮಗನನ್ನು ಅಳಿಸಿದರು. ಆಮೇಲೆ ಕುಂಚ ಮುಂದೆ ಹೋಗಲಿಲ್ಲ. ಸಂಜೆಯ ಅಸರ್ ನಮಾಜಿನ ಹೊತ್ತಾಗಿತ್ತು, ಹಮೀದಾಕ ಗಡಿಯಾರ ನೋಡಿದರೂ ಅವಸರ ಮಾಡಲಿಲ್ಲ. ಮುದುಕ ಕೆಳಗೆ ಯಾರೂ ಇಲ್ಲದೆ, ಕೊರಳೊಂದನ್ನು ತಬ್ಬಿಕೊಂಡ ಹಾಗೆಯೇ ಹೊಗೆಯಲ್ಲಿ ತೂಗುತ್ತಿದ್ದ.