ನಾಲ್ಕನೇ ಅಳಿಲಿಗೆ ಬು ನಾನಿಕ್ ಕೊಟ್ಟ ತೀರ್ಪು

ನಮ್ಮ ಮಲಾಂಗ್ ಊರಿನ ದಿನೊಯೊ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬು ನಾನಿಕ್ ಮೊದಲು ಇಟ್ಟಿದ್ದು ಹೊಲಿಗೆ ಅಂಗಡಿ. ಬು ಎಂದರೆ ನಮ್ಮಲ್ಲಿ ಅಮ್ಮ, ದೊಡ್ಡ ಹೆಂಗಸರನ್ನು ಹಾಗೆಯೇ ಕರೆಯುವುದು. ಅಳತೆ ಕೊಡಲು ಬಂದ ಹೆಂಗಸರ ಮಕ್ಕಳು ಕತ್ತರಿಗೆ, ಸೂಜಿಗೆ ಕೈ ಹಾಕಿ ತಲೆ ತಿನ್ನುತ್ತಿದ್ದವು. ಹಡಗಿನಲ್ಲಿ ಕೆಲಸಕ್ಕಿದ್ದ ತಮ್ಮ ತಂದುಕೊಟ್ಟ ವಿಡಿಯೊ ಗೇಮನ್ನು ಟಿವಿಗೆ ಸಿಕ್ಕಿಸಿ, ಆ ಮಕ್ಕಳನ್ನು ಅದರ ಮುಂದೆ ಕೂರಿಸಿದರು. ಆರು ತಿಂಗಳು ಕಳೆಯುವಷ್ಟರಲ್ಲಿ ಅಳತೆಗೆ ಬರುವವರಿಗಿಂತ ಆಟಕ್ಕೆ ಬರುವವರೇ ಹೆಚ್ಚಾದರು. ಹೊಲಿಗೆ ಯಂತ್ರ ಮೂಲೆ ಸೇರಿತು, ನಾಲ್ಕು ಟಿವಿ ಬಂದವು. ಅಲ್ಲಿ ಕೂತು ಹಾಳಾದವರಲ್ಲಿ ನಾನೂ ಒಬ್ಬ ಎಂದು ನನ್ನ ಅಮ್ಮ ಈಗಲೂ ಹೇಳುತ್ತಾಳೆ. ಹಾಳಾದದ್ದು ನಿಜ, ಆದರೆ ಅಷ್ಟು ಸುಖವಾಗಿ ಮತ್ತೆಂದೂ ಹಾಳಾಗಲಿಲ್ಲ.

ಹೊಸ ಕ್ಯಾಸೆಟ್ ಬಂದರೆ ಬು ನಾನಿಕ್ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ತಾವೇ ಆಡಿ ನೋಡುತ್ತಿದ್ದರು. ಚಿತ್ರ, ಹಾಡು, ಬಣ್ಣ ಯಾವುದೂ ಅವರಿಗೆ ಲೆಕ್ಕಕ್ಕಿಲ್ಲ. ನೆಗೆತ ಒಂದೇ.

"ಬಿದ್ದಾಗ ಥೂ, ನನ್ದೇ ತಪ್ಪು ಅನ್ನಿಸ್ಬೇಕು. ಆಟದ್ದೇ ಮೋಸ ಅನ್ನಿಸಿದ್ರೆ ಹುಡುಗ್ರು ಎದ್ದು ಹೋಗ್ತಾವೆ, ನಾಳೆ ಈ ಕಡೆ ತಲೆ ಹಾಕಲ್ಲ," ಎನ್ನುತ್ತಿದ್ದರು.

ಆಗ ನಮಗೆಲ್ಲ ಹುಚ್ಚು ಹಿಡಿಸಿದ್ದು ಅಳಿಲಿನ ಆಟ. ಕೆಂಪು ಬಾಲದ ಅಳಿಲು ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಕಾಡು ದಾಟಬೇಕು. ಮೊದಲನೆಯದು ಬಿಗಿ, ಕಠಿಣ. ಎರಡನೆಯದು ಇನ್ನೂ ಸೊಗಸು. ಮೂರನೆಯದು ದೊಡ್ಡ ಕನ್ಸೋಲಿಗೆ ಬಂತು, ಕಣ್ಣು ಕೋರೈಸುವಷ್ಟು ಚೆಂದ. ಬು ನಾನಿಕ್ ಒಂದು ಬೆಳಿಗ್ಗೆ ಆಡಿ, "ಎಣ್ಣೆ ಚೆಲ್ಲಿದ ನೆಲದ ಮೇಲೆ ನಡ್ದಂಗಿದೆ," ಎಂದು ವಾಪಸ್ ಕಳಿಸಿದರು. ನಾವು ಗೋಳಾಡಿದೆವು, ಶಾಪ ಹಾಕಿದೆವು, ಪಕ್ಕದ ಬೀದಿಯ ಅಂಗಡಿಗೆ ಓಡಿದೆವು. ಎರಡು ವಾರಕ್ಕೆ ಬಾಲ ಮುದುರಿಕೊಂಡು ಹಿಂದಿರುಗಿದೆವು. ಅಲ್ಲಿಂದಾಚೆಗೆ ಆಟದ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು.

ಅಂಗಡಿ ಮುಚ್ಚಿ ಹದಿನಾರು ವರ್ಷವಾಯಿತು. ನಾನು ಹೊಸ ಆಟಗಳ ಬಗ್ಗೆ ಪತ್ರಿಕೆಯೊಂದಕ್ಕೆ ಬರೆದು ಹೊಟ್ಟೆ ಹೊರೆಯುತ್ತೇನೆ. ಕಳೆದ ತಿಂಗಳು ನಾಲ್ಕನೇ ಅಳಿಲು ಬಂತು. ಟಿವಿಗಲ್ಲ, ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆ. ಅದನ್ನು ಮಾಡಿದ್ದು ನಮ್ಮೂರಿನದೇ ಒಂದು ಚಿಕ್ಕ ಕಂಪನಿ. ಅದರಲ್ಲೂ ಅಳಿಲಿನ ನೆಗೆತ ಗಲಿಹ್‌ನ ಕೈಕೆಲಸ. ಬು ನಾನಿಕ್ ಅಂಗಡಿಯಲ್ಲಿ ನನ್ನ ಪಕ್ಕದ ಚಾಪೆಯ ಮೇಲೆ ಕೂರುತ್ತಿದ್ದ ಅದೇ ಗಲಿಹ್. ನಾನು ಮೂರನೇ ಕೊಂಬೆಯಲ್ಲೇ ಹನ್ನೊಂದು ಸಲ ಬಿದ್ದೆ. ಮೈಯೆಲ್ಲ ಉರಿದುಹೋಯಿತು. ಹಳೆಯ ಅಳಿಲಿನ ಮುಂದೆ ಇದು ಕಾಲು ಮೋಟಾದ ಇಲಿ ಎಂದು ಬರೆದು, ಕಳಿಸುವ ಮುಂಚೆ ಗಲಿಹ್‌ಗೆ ಓದಿ ಹೇಳಿದೆ.

ನನ್ನನ್ನು ಈಗಲೂ ಮಾಸ್, ಎಂದರೆ ಅಣ್ಣ, ಎನ್ನುವ ಅವನು ಹೇಳಿದ: "ಮೂರು ವರ್ಷ ಆ ನೆಗೆತ ಒಂದಕ್ಕೇ ಕೂತಿದ್ದೀನಿ, ಮಾಸ್ ತಿಕ್ನೊ. ಕಳಿಸೋ ಮುಂಚೆ ಬುಗೆ ತೋರ್ಸೋಣ. ಅವ್ರೂ ಕೆಟ್ಟದು ಅಂದ್ರೆ ಈ ಕೆಲ್ಸ ಬಿಟ್ಟು ಬಕ್ಸೊ ಗಾಡಿ ತಳ್ತೀನಿ."

"ನಿನ್ನ ಕೈಲಿ ಬಕ್ಸೊದ ಮಾಂಸದ ಉಂಡೆನೂ ಸರಿಯಾಗಿ ಬೇಯಲ್ಲ ಬಿಡು," ಎಂದೆ. ಅವನು ನಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ ಎಂದು ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆವು. ಬು ನಾನಿಕ್‌ಗೆ ಈಗ ಅರವತ್ತೆಂಟು. ಕರಿದ ಸೋಯಾ ಬಿಲ್ಲೆ ತೆಂಪೆಯ ತಟ್ಟೆಯನ್ನು ನಮ್ಮ ಮುಂದೆ ತಳ್ಳಿ, ಕನ್ನಡಕ ಏರಿಸಿ, ಯಂತ್ರವನ್ನು ಕೈಗೆ ತೆಗೆದುಕೊಂಡರು. ಎರಡನೇ ಕೊಂಬೆಯಲ್ಲಿ ಬಿದ್ದರು. ಮತ್ತೆ ಬಿದ್ದರು.

"ನೋಡಿದ್ರಾ ಬು? ನಾನು ಹೇಳ್ಲಿಲ್ವಾ?" ಎಂದೆ.

"ನೀನು ಬಾಯಲ್ಲಿ ತೆಂಪೆ ಇಟ್ಕೊ."

ಒಂಬತ್ತು ಸಲ ಬಿದ್ದರು. ಗಲಿಹ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ. ಕೆಟ್ಟದು ಎನ್ನುವ ಒಂದೇ ಮಾತು ಅವರ ಬಾಯಿಂದ ಬಂದಿದ್ದರೆ ಮುಗಿಯುತ್ತಿತ್ತು. ನಾನು ಅದಕ್ಕಾಗಿಯೇ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಅವರು ಯಂತ್ರವನ್ನು ಕೆಳಗಿಟ್ಟು, ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡರು.

"ಮಂಚದ ಕೆಳಗೆ ಹಳೇದಿದೆ, ತೆಗೀರಿ. ಮೊದಲ್ನೇ ಅಳಿಲು ಹಾಕಿ."

ಧೂಳು ಕೊಡವಿ ಟಿವಿಗೆ ಸಿಕ್ಕಿಸಿದೆವು. ಆ ಹಾಡು ಶುರುವಾದದ್ದೇ ತಡ, ಹಳೆಯ ದಿನಗಳ ಹಾಗೆ ಚಾಪೆಯ ಮೇಲೆ ಕೂತುಬಿಟ್ಟೆವು. ಮೊದಲನೇ ಹಳ್ಳ. ಒಲೆಯ ಮೇಲಿನ ಹಾಲು ನೋಡುತ್ತಾ, ನಮ್ಮನ್ನು ಬೈಯುತ್ತಾ, ಪರದೆಯ ಕಡೆ ಕಣ್ಣೂ ಹಾಯಿಸದೆ ಅವರು ದಾಟುತ್ತಿದ್ದ ಹಳ್ಳ. ಬು ನಾನಿಕ್ ಬಿದ್ದರು. ಇನ್ನೊಮ್ಮೆ ಬಿದ್ದರು. ಮೂರನೇ ಸಲವೂ ಅಳಿಲು ನೆಗೆಯಲೇ ಇಲ್ಲ, ನೇರವಾಗಿ ನಡೆದು ಹೋಗಿ ಹಳ್ಳಕ್ಕೆ ಇಳಿಯಿತು.

ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಬೆರಳ ತುದಿ ಮರಗಟ್ಟಿದೆ. ಒತ್ತಿದೆ ಅನ್ಕೋತೀನಿ, ಒತ್ತಿರಲ್ಲ. ಮಗಳಿಗೂ ಹೇಳಿಲ್ಲ. ಸೂಜಿಗೆ ದಾರ ಪೋಣಿಸೋಕಾಗ್ದಾಗ ಬೆಳಕಿಲ್ಲ ಅಂದೆ, ಕಣ್ಣು ಸರಿಯಿಲ್ಲ ಅಂದೆ." ಗಲಿಹ್‌ನ ಕಡೆ ತಿರುಗಿದರು. "ನಾನು ಬಿದ್ದಿದ್ದಕ್ಕೆ ನಿನ್ನ ಆಟದ ಮೇಲೆ ತಪ್ಪು ಹೊರಿಸ್ಬೇಡ ಕಣೋ. ತಪ್ಪು ನಂದು."

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಸರದಿ ಬಂತು.

"ನಿನ್ನ ಬೆರಳಿಗೇನಾಗಿದೆ ಧಾಡಿ? ಹಿಡಿ. ನನ್ನ ಮುಂದೆ ಆಡು."

ಆಡಿದೆ. ಮೂರನೇ ಕೊಂಬೆಯಲ್ಲಿ ಬಿದ್ದೆ. ಅವರು ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಹೆಬ್ಬೆರಳನ್ನು ನೋಡುತ್ತಿದ್ದರು.

"ಹಳೇದ್ರಲ್ಲಿ ಅಳಿಲು ಸೋಮಾರಿ. ಒಂದು ಹೆಜ್ಜೆ ಮುಂಚೆನೇ ಒತ್ತಬೇಕಿತ್ತು. ಇದು ಒತ್ತಿದ ತಕ್ಷಣ ಹಾರುತ್ತೆ. ನೀನು ಇನ್ನೂ ಹಳೇ ಹೊತ್ತಿಗೇ ಒತ್ತುತ್ತಿದ್ದೀಯ. ಅದಕ್ಕೇ ಮೋಟು ಅನ್ಸುತ್ತೆ. ತುದಿವರೆಗೂ ಹೋಗಿ ಒತ್ತು."

ತುದಿಯವರೆಗೂ ಹೋಗಿ ಒತ್ತಿದೆ. ಅಳಿಲು ಹೂವಿನ ಹಾಗೆ ಹೋಗಿ ಆಚೆ ಕೊಂಬೆಯ ಮೇಲೆ ಕೂತಿತು. ಹದಿನಾಲ್ಕು ವರ್ಷ ಆಟಗಳ ಬಗ್ಗೆ ಬರೆದವನ ಮಾನ ಅಲ್ಲಿಗೆ ಹರಾಜಾಯಿತು. ನಾಚಿಕೆಯಾಯಿತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ನೆಗೆತ ನಿಜಕ್ಕೂ ಮೊದಲಿನದಕ್ಕಿಂತ ಚೆನ್ನಾಗಿತ್ತು.

ಗಲಿಹ್ ಕಣ್ಣೊರೆಸಿಕೊಂಡು, "ಬು, ನಿಮ್ಮ ಯಂತ್ರದಲ್ಲಿ ಮಾತ್ರ ಹಳ್ಳ ಚಿಕ್ಕದು ಮಾಡ್ಕೊಡ್ಲಾ? ಒಂದು ವಾರದ ಕೆಲ್ಸ ಅಷ್ಟೆ," ಎಂದ.

"ಬೇಡ. ದಾಟಿದಂಗೆ ನಂಬಿಸ್ಕೊಂಡು ಏನು ಮಾಡ್ಲಿ? ಆದ್ರೆ ಒಂದು ದೂರಿದೆ, ತಿಕ್ನೊ, ಇದನ್ನ ಬೇಕಾದ್ರೆ ಬರಿ. ಟಿವಿ ಇದ್ದಾಗ ಒಲೆ ಹತ್ರ ನಿಂತ್ಕೊಂಡೇ ನಾಲ್ಕೂ ಟಿವಿಲಿ ನಿಮ್ಮ ಆಟ ನೋಡ್ತಿದ್ದೆ. ಇದು ಆಡೋನಿಗೆ ಮಾತ್ರ. ನೋಡೋರಿಗೆ ಜಾಗನೇ ಇಟ್ಟಿಲ್ಲ. ನಾನು ಇನ್ಮೇಲೆ ನೋಡೋಳು ಅಲ್ವಾ?"

ಗಲಿಹ್ ನನ್ನ ಕೈಯಿಂದ ಯಂತ್ರ ತೆಗೆದುಕೊಂಡ. ಚಾಪೆಯ ಮೇಲೆ ಸರಿದು ಜಾಗ ಮಾಡಿದ. ಬು ನಾನಿಕ್ ಮೊಣಕಾಲು ಹಿಡಿದುಕೊಂಡು ಪಕ್ಕಕ್ಕೆ ಕೂತರು, ಕನ್ನಡಕ ಅವನ ಕೆನ್ನೆಗೆ ತಾಗುವಷ್ಟು ಬಗ್ಗಿದರು.

"ಶುರು ಮಾಡು. ಮೊದಲಿಂದ," ಎಂದರು.