ಬಾವಿ ದಂಡೆಯ ಬಿಳಿ ಚುಕ್ಕೆ

ದೆವ್ವ, ಭೂತ, ಕಾಡಾಟ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುವವಳು. ನಂಬಿಕೆಯಿಲ್ಲ ಎನ್ನುವುದಕ್ಕಿಂತ ಪುರುಸೊತ್ತಿಲ್ಲ ಎಂದರೇ ಸರಿ. ದಿನವಿಡೀ ದುಡಿದು ಬಂದವಳಿಗೆ ಸತ್ತವರ ಚಿಂತೆ ಎಲ್ಲಿಂದ ಬರಬೇಕು, ನೀವೇ ಹೇಳಿ. ಇದ್ದವರದೇ ಸಾಕುಸಾಕಾಗಿರುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಕಣ್ಣೆದುರೇ ಒಂದು ಸಂಗತಿ ನಡೆಯಿತು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ನಾನು ಕಲಬುರಗಿಯ ಸೇಡಂ ರಸ್ತೆಯ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದೆ. ಹಿಂದೊಮ್ಮೆ ಮಿಲಿಟರಿ ವಿಮಾನಗಳು ನಮ್ಮ ಸೀಮೆಯ ಮೇಲೆ ಹಾರಾಡಿ ನೆಲದ ಫೋಟೊ ತೆಗೆದಿದ್ದವಂತೆ. ಎಷ್ಟೋ ವರ್ಷ ಬೀಗ ಹಾಕಿಟ್ಟಿದ್ದ ಆ ಫೋಟೊಗಳನ್ನು ಇನ್ನು ಜನರೂ ಕಂಪ್ಯೂಟರಿನಲ್ಲಿ ನೋಡಲಿ ಎಂದು ಡಬ್ಬಿಗಟ್ಟಲೆ ಕಳಿಸಿದ್ದರು. ಒಂದೊಂದನ್ನೂ ಮೆತ್ತನೆಯ ಬ್ರಶ್ಶಿನಿಂದ ಒರೆಸಿ ಸ್ಕ್ಯಾನ್ ಮಾಡುವುದು, ಆಮೇಲೆ ಹಳ್ಳದ ತಿರುವು, ದಾರಿ ಕೂಡುವ ಜಾಗ, ಬಾವಿ ಇಂಥವನ್ನು ಗುರುತು ಹಿಡಿದು ಇವತ್ತಿನ ನಕ್ಷೆಯ ಮೇಲೆ ಕೂರಿಸುವುದು ನನ್ನ ಕೆಲಸ. ಬೂದು ಹೊಲ, ಬೂದು ಗುಡ್ಡ, ಬೂದು ಊರು. ಸಂಜೆಯಾಗುವಷ್ಟರಲ್ಲಿ ಕಣ್ಣಿಗೆ ಖಾರ ಬಿದ್ದ ಹಾಗೆ ಉರಿಯುತ್ತಿತ್ತು.

ನಮಗೊಂದು ನಿಯಮವಿತ್ತು. ವಿಮಾನ ಮುಂದೆ ಸಾಗುತ್ತಾ ಒಂದರ ಹಿಂದೊಂದು ಫೋಟೊ ತೆಗೆಯುವುದರಿಂದ ಅದೇ ನೆಲ ಅಕ್ಕಪಕ್ಕದ ಎರಡು ಫೋಟೊಗಳಲ್ಲಿ ಬರುತ್ತದೆ. ಎರಡರಲ್ಲೂ ಕಂಡರೆ ಅದು ನೆಲದ ಮೇಲೆ ಇದ್ದದ್ದು. ಒಂದರಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಅದು ಧೂಳು, ಅಳಿಸಿಬಿಡಬೇಕು. ಇಷ್ಟೇ. ಎಷ್ಟು ಧೂಳು ಅಳಿಸಿದ್ದೇನೋ ದೇವರೇ ಬಲ್ಲ.

ಕಮಲಾಪುರದ ಡಬ್ಬಿ ಬಂದಾಗ ಸ್ಕ್ಯಾನ್ ಮಾಡಿದ ಒಂದು ಫೋಟೊದಲ್ಲಿ, ಬಾವಿಯ ದಂಡೆಗೆ ಅಂಟಿಕೊಂಡಂತೆ ಒಂದು ಬಿಳಿ ಚುಕ್ಕೆ ಕಂಡಿತು. ಪಕ್ಕದ ಫೋಟೊದಲ್ಲಿ ಬಾವಿ ಇದೆ, ಚುಕ್ಕೆ ಇಲ್ಲ. ಸರಿ, ಧೂಳು ಎಂದು ಬ್ರಶ್ಶಾಡಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಚುಕ್ಕೆ ಅಲ್ಲೇ ಇತ್ತು. ಭೂತಗನ್ನಡಿ ಹಿಡಿದು ಫೋಟೊ ನೋಡಿದರೆ ಅದರ ಮೇಲೆ ಏನೂ ಇಲ್ಲ, ಮಷಿನ್ನಿನ ಗಾಜೂ ಸ್ವಚ್ಛ. ಮಷಿನ್ನು ಬದಲಿಸಿದೆ, ಆಗಲೂ ಬಂತು. ಪರದೆಯ ಮೇಲೆ ಮಾತ್ರ ಇರುವ ಆ ಚುಕ್ಕೆಯನ್ನು, ಫೈಲುಗಳನ್ನು ಪರೀಕ್ಷೆ ಮಾಡುವ ಜಲೀಲ ಭಾಯಿಗೆ ತೋರಿಸಿದೆ.

"ಅರೆ ಬೆಹನ್, ಧೂಳದು. ಕಂಪ್ಯೂಟರ್‌ದಾಗೇ ಅಳಿಸಿ ಒಗೀರಿ, ಯಾಕ ತಲಿ ಕೆಡಿಸ್ಕೋತೀರಿ" ಎಂದರು. ಅವರೂ ದಣಿದಿದ್ದರು. ನಾಳೆ ಅಳಿಸಿದರಾಯಿತು ಎಂದು ನಾನು ಮನೆಗೆ ಹೊರಟೆ.

ನಮ್ಮ ಮನೆ ಊರಂಚಿನ ಕುಸನೂರಿನಲ್ಲಿ. ಅತ್ತೆಗೆ ಎಂಬತ್ತು ದಾಟಿತ್ತು. ಅವರ ತವರು ಕಮಲಾಪುರದ ಕಡೆ. ಚಿಕ್ಕಂದಿನಲ್ಲಿ ಅವರ ಅಕ್ಕ ಬಾವಿಗೆ ಬಿದ್ದು ಸತ್ತಳೆಂದೂ, ಆಮೇಲೆ ಅಪ್ಪ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಕೂಲಿಗೆಂದು ಇತ್ತ ಬಂದರೆಂದೂ ನನಗೆ ಗೊತ್ತಿತ್ತು. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಚರಗ ಚೆಲ್ಲಿ ಭೂಮಿಗೆ ಉಣಿಸುತ್ತಾರಲ್ಲ, ಆ ದಿನ ಅತ್ತೆ ಅಕ್ಕನ ಪಾಲೆಂದು ಒಂದು ತುತ್ತು ಹೊಸ್ತಿಲ ಹೊರಗೆ ಇಡುತ್ತಿದ್ದರು. ಆ ಬಾವಿ ಎಲ್ಲಿತ್ತೋ ಅವರಿಗೇ ಮರೆತಿತ್ತು. ಸಾಯುವ ಮೊದಲು ಒಮ್ಮೆ ಅಲ್ಲಿ ಚರಗ ಚೆಲ್ಲಬೇಕು ಎಂಬುದೊಂದೇ ಅವರ ಆಸೆ.

ಆ ಸಂಜೆ ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಹಿಟ್ಟು ನಾದುತ್ತಾ ಸುಮ್ಮನೆ ಗೊಣಗಿದೆ. "ಒಂದು ಬಿಳಿ ಚುಕ್ಕಿ ಬಾವಿ ದಂಡಿ ಮ್ಯಾಲ ಕುಂತದ ನೋಡ್ರಿ ಅತ್ತಿ, ಎಷ್ಟ್ ಒರೆಸಿದ್ರೂ ಹೋಗವಲ್ದು."

"ಯಾ ಊರ ಬಾವಿ?"

"ಕಮಲಾಪುರದ್ದು. ಹಳ್ಳ ತಿರಗೋ ಕಡಿ ಅದ. ಬಾಜೂಕ ಎರಡು ಗಿಡ ಅವ."

"ಹುಣಸೀ ಗಿಡ" ಎಂದರು ಅತ್ತೆ. ಕೈಯಲ್ಲಿದ್ದ ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು.

"ಅವತ್ತು ಇಮಾನ ಬಂದಿತ್ತು ಯವ್ವಾ. ಅಕ್ಕ ಬಾವಿ ದಂಡಿ ಮ್ಯಾಲ ನಿಂತಿದ್ಳು. ಅಪ್ಪನ ಹಳೀ ಧೋತರ ಹರದು ಹೊಲಿದ ಬಿಳೀ ಅಂಗಿ ಹಾಕ್ಕೊಂಡಿದ್ಳು. ನಾನೇ ಒದರ್ದೆ, ಅಕ್ಕಾ ಇಮಾನ ನೋಡು ಅಂತ. ಮ್ಯಾಲ ನೋಡ್ಕೋತ ಹಿಂದಕ್ಕ ಸರದ್ಳು. ನಾ ಒದರದಿದ್ರ ಆಕಿ ಬದಕ್ತಿದ್ಳು. ಯಾರಿಗೂ ಹೇಳಿಲ್ಲ ಇದು. ನಿನ್ನ ಗಂಡಗೂ ಹೇಳಿಲ್ಲ."

ಅಷ್ಟು ಎತ್ತರದಿಂದ ತೆಗೆದ ಫೋಟೊದಲ್ಲಿ ಮನುಷ್ಯರು ಕಾಣುವುದಿಲ್ಲ, ಇನ್ನು ಒಂದು ಪುಟ್ಟ ಹುಡುಗಿ ಎಲ್ಲಿ ಕಾಣಬೇಕು. ಅದೆಲ್ಲ ನನಗೆ ಚೆನ್ನಾಗಿ ಗೊತ್ತು. ಆದರೂ ಮರುದಿನ ಆ ಚುಕ್ಕೆಯನ್ನು ಅಳಿಸಲು ಕೈ ಬರಲಿಲ್ಲ. ಧೂಳು ತೆಗೆದಿಲ್ಲ ಎಂದು ಜಲೀಲ ಭಾಯಿ ಫೈಲು ವಾಪಸು ಮಾಡಿದರು. ಹಾಗೇ ಬಿಟ್ಟೆ. ಮತ್ತೆ ವಾಪಸು ಬಂತು, ಮತ್ತೆ ಹಾಗೇ ಬಿಟ್ಟೆ.

ಎಳ್ಳಮಾವಾಸ್ಯೆ ಬಂತು. ಗಂಡನಿಗೆ ರಜೆ ಸಿಗಲಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ನಾವಿಬ್ಬರೇ ಕಮಲಾಪುರದ ಬಸ್ಸು ಹತ್ತಿದೆವು. ಬಾವಿಯ ಜಾಗವನ್ನು ಇವತ್ತಿನ ನಕ್ಷೆಯ ಮೇಲೆ ಕೂರಿಸಿದವಳು ನಾನೇ ಅಲ್ಲವೇ, ಮೊಬೈಲು ನೋಡುತ್ತಾ ನಡೆದೆ. ಅಲ್ಲಿ ಈಗ ಕೆಂಪು ಬಾಳೆಯ ತೋಟ. ಹುಣಸೆ ಮರಗಳಿಲ್ಲ. ತೋಟದ ನಡುವೆ ಒಂದು ಕಡೆ ಮಾತ್ರ ಬರೀ ಹುಲ್ಲು ಬೆಳೆದಿತ್ತು.

"ಇಲ್ಲಿ ಬಾವಿ ಇತ್ತಂತ ನಮ್ಮ ಮುತ್ಯಾ ಹೇಳ್ತಿದ್ದ್ರೀ. ಮುಚ್ಚ್ಯಾರ. ಆದ್ರ ಮಳಿಗಾಲಕ್ಕ ನೆಲ ಕುಸೀತದ, ಬಾಳಿ ನಿಲ್ಲಂಗಿಲ್ಲ" ಎಂದ ತೋಟದ ಮಾಲೀಕ.

ಅತ್ತೆ ನನ್ನ ತೋಳು ಬಿಟ್ಟು ಮುಂದೆ ಹೋದರು. ಸುತ್ತಲೂ ಚರಗ ಚೆಲ್ಲಿದರು. ಹೋಳಿಗೆಯನ್ನು ಹುಲ್ಲಿನ ಮೇಲಿಟ್ಟು, ಪಕ್ಕದ ಮನೆಯವರನ್ನು ಕರೆದ ಹಾಗೆ ಕರೆದರು. "ಅಕ್ಕಾ, ಇಮಾನ ಹೋಯ್ತು. ಇನ್ನ ಮನಿಗಿ ನಡಿ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ಕುಸನೂರು ಬರುವ ತನಕ ನಿದ್ದೆ ಮಾಡಿದರು.

ಮರುದಿನ ಕಚೇರಿಯಲ್ಲಿ ಆ ಎರಡು ಫೈಲು ತೆರೆದೆ. ಮೊದಲನೆಯದರಲ್ಲಿ ಚುಕ್ಕೆ ಎಂದಿನಂತೆ ಬಾವಿ ದಂಡೆಗೆ ಇತ್ತು. ಎರಡನೆಯದರಲ್ಲೂ ಇತ್ತು. ಬಾವಿಯ ಹತ್ತಿರ ಅಲ್ಲ, ಸ್ವಲ್ಪ ದೂರ, ಹೊಲದಿಂದ ಹೊರಬೀಳುವ ಕಾಲುದಾರಿಯ ಮೇಲೆ. ಆ ಫೈಲನ್ನು ನಾನು ಎಷ್ಟು ಸಲ ನೋಡಿಲ್ಲ! ಅಲ್ಲಿ ಏನೂ ಇರಲಿಲ್ಲ. ಯಾರೂ ತಿದ್ದಿದ ಗುರುತೂ ಇರಲಿಲ್ಲ. ಡಬ್ಬಿಯಿಂದ ಮೂಲ ಫೋಟೊ ತೆಗೆದು ಭೂತಗನ್ನಡಿ ಹಿಡಿದೆ, ಅದರ ಮೇಲೂ ಏನಿಲ್ಲ.

ಜಲೀಲ ಭಾಯಿಯನ್ನು ಕರೆದೆ. ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಎರಡರಾಗೂ ಅದ ಅಲ್ಲ ಬೆಹನ್. ಅಂದ್ರ ಧೂಳಲ್ಲ. ಇರ್ಲಿ ಬಿಡ್ರಿ" ಎಂದು ಫೈಲು ಪಾಸು ಮಾಡಿದರು.

ನಾನೇ ಮೊದಲು ಸರಿಯಾಗಿ ನೋಡಿರಲಿಲ್ಲವೇ, ದಣಿದ ಕಣ್ಣಿನ ಆಟವೇ, ಮಷಿನ್ನಿನ ದೋಷವೇ? ಎಲ್ಲ ಯೋಚಿಸಿದ್ದೇನೆ. ಒಂದೂ ಸರಿಹೊಂದಿಲ್ಲ. ಈಗ ಆ ಎರಡು ಫೋಟೊಗಳೂ ಎಲ್ಲರಿಗೂ ತೆರೆದಿವೆ, ಬೇಕಾದವರು ನೋಡಬಹುದು.

ಅವತ್ತು ಸಂಜೆ ಅತ್ತೆ ತಾವಾಗಿಯೇ ಕೇಳಿದರು. "ಇನ್ನಾ ಅಲ್ಲೇ ನಿಂತಾಳೇನು?"

"ಇಲ್ರೀ ಅತ್ತಿ, ದಾರಿ ಹಿಡದಾಳ" ಎಂದೆ.

"ಯಾ ಕಡಿ?"

ಅದನ್ನು ನಾನು ನಕ್ಷೆಯಲ್ಲಿ ನೋಡಿಕೊಂಡೇ ಬಂದಿದ್ದೆ. ಆ ಕಾಲುದಾರಿ ಕಲಬುರಗಿಯ ಕಡೆಗೆ ಬರುವ ರಸ್ತೆಯನ್ನು ಸೇರುತ್ತದೆ. "ನಮ್ಮ ಕಡೀಗೇ ರೀ" ಎಂದೆ. ಅತ್ತೆ ತಲೆಯಾಡಿಸಿ, ಆ ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ಬಡಿಯಲು ಹೇಳಿದರು. ನಾನೂ ಬಡಿದೆ.